ಜಾವಾಸ್ಕ್ರಿಪ್ಟ್ ಲೆಕ್ಕಕ್ಕೆ ನಿಮ್ಮದೇ ಪುಟ್ಟ ಲೈಬ್ರರಿ

ವೆಬ್ ಪುಟದಲ್ಲಿ ಬೇಕಾಗುವುದು ದೊಡ್ಡ ಗಣಿತವೇನಲ್ಲ. ಬಿಲ್ ಕೂಡಬೇಕು, ಫೋಟೊ ಸ್ಲೈಡ್ ತಿರುಗಿಸಬೇಕು, ಆಟದಲ್ಲಿ ದಾಳ ಉರುಳಿಸಬೇಕು. ಇಷ್ಟಕ್ಕೆ ನೂರಾರು ಫಂಕ್ಷನ್ ಇರುವ ಲೈಬ್ರರಿ ಇಳಿಸಿಕೊಂಡರೆ ಪುಟಕ್ಕೆ ಸುಮ್ನೆ ಭಾರ. ನಾಲ್ಕೈದು ಫಂಕ್ಷನ್ ನಾವೇ ಬರೆದುಕೊಳ್ಳಬಹುದು. ಜಾವಾಸ್ಕ್ರಿಪ್ಟ್ ಎಲ್ಲಿ ಕೈಕೊಡುತ್ತದೆ ಅನ್ನೋದು ಮಾತ್ರ ಗೊತ್ತಿರಬೇಕು.

ಒಂದು ಹೊಸ ಫೈಲ್ ತೆರೆಯಿರಿ. ಫಂಕ್ಷನ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು, ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ಜೊತೆಗೆ ಕೆಲಸ ಮಾಡುವವರು ಒಪ್ಪುತ್ತಾರಾ, ಅದು ಬೇರೆ ಮಾತು.

ಮೊದಲು ‘ಮಿತಿ’ ಬರೆಯಿರಿ. ವಾಲ್ಯೂಮ್ 0ಕ್ಕಿಂತ ಕೆಳಗಿಳಿಯಬಾರದು, 100 ದಾಟಬಾರದು ಅಲ್ವಾ? ಸಂಖ್ಯೆಯನ್ನೂ ಕನಿಷ್ಠವನ್ನೂ ಮ್ಯಾಥ್ ಡಾಟ್ ಮ್ಯಾಕ್ಸ್‌ಗೆ ಕೊಡಿ. ಎರಡರಲ್ಲಿ ದೊಡ್ಡದು ಬರುತ್ತದೆ. ಆ ಉತ್ತರವನ್ನು ಗರಿಷ್ಠದ ಜೊತೆ ಮ್ಯಾಥ್ ಡಾಟ್ ಮಿನ್‌ಗೆ ಕೊಡಿ. ಒಂದೇ ಸಾಲಿನ ಕೆಲಸ.

ಆಮೇಲೆ ‘ಸುತ್ತು’. ಐದು ಫೋಟೊಗಳಿಗೆ 0ಯಿಂದ 4ರವರೆಗೆ ನಂಬರ್ ಇದೆ ಅಂದುಕೊಳ್ಳಿ. ಮೊದಲ ಫೋಟೊದಲ್ಲಿ ‘ಹಿಂದೆ’ ಒತ್ತಿದರೆ 4ಕ್ಕೆ ಹೋಗಬೇಕು. ಪೈಥಾನ್‌ನಲ್ಲಿ -1 % 5 (ಭಾಗಿಸಿದಾಗ ಉಳಿಯುವ ಶೇಷ) ಅಂದರೆ 4 ಬರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಬರುವುದು -1. ಫೋಟೊ ಮಾಯ! ಅದಕ್ಕೇ ಹೀಗೆ ಬರೆಯಬೇಕು: ((ಅ % ಬ) + ಬ) % ಬ. ಇಲ್ಲಿ ಅ ಅಂದರೆ ಬೇಕಾದ ನಂಬರ್, ಬ ಅಂದರೆ ಒಟ್ಟು ಫೋಟೊಗಳು.

‘ದಾಳ’ಕ್ಕೆ ಮ್ಯಾಥ್ ಡಾಟ್ ರ‍್ಯಾಂಡಮ್ ಬಳಸಿ. ಅದು ಕೊಡುವ ಸಂಖ್ಯೆ 0 ಅಥವಾ ಹೆಚ್ಚು, ಆದರೆ 1ಕ್ಕಿಂತ ಕಡಿಮೆ. ಅದನ್ನು 6ರಿಂದ ಗುಣಿಸಿ, ಫ್ಲೋರ್ ಮಾಡಿ (ಕೆಳಗಿನ ಪೂರ್ಣಸಂಖ್ಯೆಗೆ ಇಳಿಸಿ), 1 ಕೂಡಿಸಿ. ಕೆಲವರು 5ರಿಂದ ಗುಣಿಸಿ ರೌಂಡ್ ಮಾಡಿ (ಹತ್ತಿರದ ಪೂರ್ಣಸಂಖ್ಯೆಗೆ ತಂದು) 1 ಕೂಡಿಸುತ್ತಾರೆ. ಆಗ 1 ಮತ್ತು 6 ಬೀಳುವ ಸಾಧ್ಯತೆ ಉಳಿದವುಗಳ ಅರ್ಧ ಮಾತ್ರ. ಒಟಿಪಿಗೆ ಮಾತ್ರ ಈ ದಾಳ ಬೇಡ, ಅದಕ್ಕೆ ಕ್ರಿಪ್ಟೊ ಅನ್ನುವ ಬೇರೆ ವ್ಯವಸ್ಥೆಯೇ ಇದೆ.

ನಿಜವಾದ ತಲೆನೋವು ದುಡ್ಡಿನದು. ಬ್ರೌಸರ್‌ನ ಕನ್ಸೋಲ್ ತೆರೆದು 0.1 + 0.2 ಹಾಕಿ ನೋಡಿ, 0.30000000000000004 ಬರುತ್ತದೆ. ಇದು ಬಗ್ ಅಲ್ಲ. ಸಂಖ್ಯೆಗಳು ಒಳಗೆ 64 ಬಿಟ್‌ಗಳ ಬೈನರಿಯಲ್ಲಿ ಕೂತಿರುತ್ತವೆ. ಹತ್ತನೇ ಒಂದು ಭಾಗ ಬೈನರಿಯಲ್ಲಿ ಮುಗಿಯುವುದೇ ಇಲ್ಲ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಹಾಗಾಗಿ 4.35 * 100 ಅಂದರೆ 434.99999999999994. ಇದನ್ನು ಫ್ಲೋರ್ ಮಾಡಿದರೆ ಗ್ರಾಹಕರ ಒಂದು ಪೈಸೆ ಹೋಯಿತು.

ಪರಿಹಾರ ‘ಪೈಸೆ’ ಫಂಕ್ಷನ್. ರೂಪಾಯಿಯನ್ನು 100ರಿಂದ ಗುಣಿಸಿ, ಫ್ಲೋರ್ ಬದಲು ರೌಂಡ್ ಮಾಡಿ. 435 ಸಿಗುತ್ತದೆ. ಕೂಡುವುದು, ಕಳೆಯುವುದು ಎಲ್ಲವೂ ಪೈಸೆಯಲ್ಲೇ ನಡೆಯಲಿ. 18% ತೆರಿಗೆ ಹಾಕಿದಾಗ 78.3 ಪೈಸೆ ಬಂತು ಅಂದರೆ ಅಲ್ಲೇ ರೌಂಡ್ ಮಾಡಿ. ತೋರಿಸುವಾಗ ಮಾತ್ರ 100ರಿಂದ ಭಾಗಿಸಿ. 12,34,567 ಅಂತ ನಮ್ಮ ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕಲು ಬ್ರೌಸರ್‌ನಲ್ಲೇ ಇರುವ ನಂಬರ್‌ಫಾರ್ಮ್ಯಾಟ್‌ಗೆ ಭಾರತದ ಲೊಕೇಲ್ (ಭಾಷೆ-ದೇಶದ ಗುರುತು) ಕೊಟ್ಟರೆ ಸಾಕು. ಅದನ್ನೂ ಕೈಯಾರೆ ಬರೆಯಲು ಹೋಗಬೇಡಿ.

ಕೊನೆಯದು ‘ಓದು’. ಇನ್‌ಪುಟ್ ಬಾಕ್ಸ್‌ನಿಂದ ಬರುವುದು ಸಂಖ್ಯೆಯಲ್ಲ, ಪಠ್ಯ. 5 ಮತ್ತು 3 ಕೂಡಿದರೆ 53 ಆಗುತ್ತದೆ. ನಂಬರ್ ಫಂಕ್ಷನ್‌ಗೆ ಕೊಟ್ಟು ಬದಲಾಯಿಸಬಹುದು, ಆದರೆ ಖಾಲಿ ಬಾಕ್ಸನ್ನು ಅದು 0 ಅನ್ನುತ್ತದೆ. ಪಾರ್ಸ್‌ಫ್ಲೋಟ್‌ಗೆ ‘1,200’ ಕೊಟ್ಟರೆ ಬರೀ 1! ಆದ್ದರಿಂದ ಮೊದಲು ಖಾಲಿಯಾ ನೋಡಿ, ಅಲ್ಪವಿರಾಮ ತೆಗೆಯಿರಿ, ಆಮೇಲೆ ನಂಬರ್‌ಗೆ ಕೊಡಿ.

ಪ್ರತಿ ಫಂಕ್ಷನ್ ಮುಂದೆ ಎಕ್ಸ್‌ಪೋರ್ಟ್ ಸೇರಿಸಿ, ಪುಟದಲ್ಲಿ ಮಾಡ್ಯೂಲ್ (ಬೇರೆ ಫೈಲಿನಿಂದ ತರುವ ಕೋಡ್) ಆಗಿ ಇಂಪೋರ್ಟ್ ಮಾಡಿಕೊಳ್ಳಿ. ಪುಟವನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಬ್ರೌಸರ್ ಮಾಡ್ಯೂಲನ್ನು ತಡೆಯುತ್ತದೆ. ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಲೋಕಲ್ ಸರ್ವರ್ ಮೂಲಕವೇ ತೆರೆಯಿರಿ.