ಮೆದುಳಿನ ಗಡ್ಡೆ ಆಪರೇಷನ್ ನಂತರದ ಎಂಆರ್‌ಐ ನೋಡೋದು ಹೇಗೆ?

ಗ್ಲಿಯೋಮಾ (ಮೆದುಳಿನಲ್ಲೇ ಹುಟ್ಟುವ ಒಂದು ಬಗೆಯ ಗಡ್ಡೆ) ಆಪರೇಷನ್ ಆದವರ ಮನೆಯವರು ಮೊದಲು ಮಾಡಬೇಕಾದ್ದು ಇಷ್ಟೇ: ಆಪರೇಷನ್ ಆಗಿ 48 ಗಂಟೆಯೊಳಗೆ, ತಡ ಅಂದ್ರೆ 72 ಗಂಟೆಯೊಳಗೆ ತೆಗೆದ ಎಂಆರ್‌ಐ ಇದೆಯಾ ಅಂತ ಕೇಳಿ, ಅದರ ಸಿಡಿ ಇಸ್ಕೊಂಡು ಜೋಪಾನವಾಗಿಡಿ. ಬರೀ ಫಿಲ್ಮ್ ಸಾಲದು. ಇಷ್ಟು ಬೇಗ ಯಾಕೆ? ಕೆಲವು ದಿನ ಕಳೆದರೆ ಮಾಯುತ್ತಿರುವ ಗಾಯದ ಅಂಚೂ ಕಾಂಟ್ರಾಸ್ಟ್ (ಸ್ಕ್ಯಾನ್ ಹೊತ್ತಲ್ಲಿ ರಕ್ತನಾಳಕ್ಕೆ ಕೊಡುವ ಔಷಧಿ) ಹೀರಿ ಬೆಳ್ಳಗೆ ಕಾಣುತ್ತದೆ. ಆಮೇಲೆ ಉಳಿದ ಗಡ್ಡೆ ಯಾವುದು, ಗಾಯ ಯಾವುದು ಅಂತ ಹೇಳೋದು ತುಂಬಾ ಕಷ್ಟ.

ಚಿತ್ರದಲ್ಲಿ ಎಡಗಡೆ ಕಾಣೋದು ಸಾಮಾನ್ಯವಾಗಿ ರೋಗಿಯ ಬಲಭಾಗ, ಇದು ನೆನಪಿರಲಿ.

ಈಗ ಕಾಂಟ್ರಾಸ್ಟ್ ಕೊಡುವ ಮುಂಚಿನ ಟಿ1 (ಎಂಆರ್‌ಐ ಚಿತ್ರದ ಒಂದು ಬಗೆ), ಕೊಟ್ಟ ಮೇಲಿನ ಟಿ1, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಂದೇ ಥರ ಬೆಳ್ಳಗಿದ್ದರೆ ಅದು ಹೆಚ್ಚಾಗಿ ಆಪರೇಷನ್ ಜಾಗದ ರಕ್ತ. ಎರಡನೆಯದರಲ್ಲಿ ಮಾತ್ರ ಬೆಳ್ಳಗಾಗಿದ್ದರೆ ರಿಪೋರ್ಟ್‌ನಲ್ಲಿ ‘ಎನ್‌ಹ್ಯಾನ್ಸ್‌ಮೆಂಟ್’ ಅಂತ ಬರೆದಿರುತ್ತಾರೆ. ಅಂಚಿನುದ್ದಕ್ಕೂ ತೆಳುವಾದ ಗೆರೆಯಿದ್ದರೆ ಅದು ಗಾಯದ್ದೇ ಇರಬಹುದು, ದಪ್ಪ ಗಂಟಿನ ಹಾಗಿದ್ದರೆ ಗಡ್ಡೆ ಉಳಿದಿರುವ ಅನುಮಾನ ಜಾಸ್ತಿ. ಆದರೆ ಆಪರೇಷನ್‌ಗೆ ಮುಂಚೆಯೂ ಕಾಂಟ್ರಾಸ್ಟ್ ಹೀರದ ಗಡ್ಡೆಗೆ ಈ ಲೆಕ್ಕ ನಡೆಯಲ್ಲ, ಅದಕ್ಕೆ ಫ್ಲೇರ್ ಅನ್ನೋ ಇನ್ನೊಂದು ಬಗೆಯ ಎಂಆರ್‌ಐ ಚಿತ್ರ ಬೇಕು. ಫ್ಲೇರ್‌ನಲ್ಲಿ ಊತ, ಗಡ್ಡೆ, ಹಳೇ ಗಾಯದ ಕಲೆ ಎಲ್ಲವೂ ಬೆಳ್ಳಗೇ ಕಾಣುತ್ತವೆ, ಹಾಗಾಗಿ ಹಳೇ ಸ್ಕ್ಯಾನ್ ಇಲ್ಲದೆ ಏನೂ ತೀರ್ಮಾನ ಮಾಡಬೇಡಿ.

ಡಿಫ್ಯೂಷನ್ (ನೀರಿನ ಕಣಗಳ ಓಡಾಟ ತೋರಿಸುವ ಎಂಆರ್‌ಐ) ಚಿತ್ರವನ್ನು ಜನ ಬಿಟ್ಟೇ ಬಿಡ್ತಾರೆ. ಆಪರೇಷನ್ ಹೊತ್ತಲ್ಲಿ ಅಂಚಿನಲ್ಲಿ ರಕ್ತ ಸಂಚಾರ ನಿಂತ ಜಾಗ ಅದರಲ್ಲಿ ಸಿಗುತ್ತದೆ. ಕೆಲವು ವಾರ ಬಿಟ್ಟು ಅದೇ ಜಾಗ ಕಾಂಟ್ರಾಸ್ಟ್ ಹೀರಿದಾಗ ‘ಗಡ್ಡೆ ಮತ್ತೆ ಬಂತು’ ಅಂತ ಮನೆಮಂದಿಯೆಲ್ಲ ಕುಸಿದುಹೋಗ್ತಾರೆ. ಮೊದಲ ಸ್ಕ್ಯಾನ್ ಕೈಯಲ್ಲಿದ್ದರೆ ಡಾಕ್ಟರ್ ಅಲ್ಲೇ ಹೋಲಿಸಿ ನೋಡಬಹುದು, ಅಲ್ವಾ?

ಇನ್ನು ರೇಡಿಯೇಷನ್ ನಂತರದ್ದು. ಅದು ಮುಗಿದ ಮೊದಲ ಮೂರು ತಿಂಗಳಲ್ಲಿ ಬೆಳ್ಳಗಿನ ಭಾಗ ದೊಡ್ಡದಾಗಿ ಕಂಡರೂ ಎಷ್ಟೋ ಸಲ ಅದು ಚಿಕಿತ್ಸೆಯದೇ ಪರಿಣಾಮ, ಇದನ್ನು ಸೂಡೋಪ್ರೋಗ್ರೆಷನ್ ಅಂತಾರೆ. ರಕ್ತದ ಹರಿವು ತೋರಿಸುವ ಪರ್ಫ್ಯೂಷನ್ ಎಂಆರ್‌ಐನಲ್ಲಿ ರಕ್ತದ ಪ್ರಮಾಣ ಹೆಚ್ಚಿದ್ದರೆ ಗಡ್ಡೆಯ ಕಡೆ ವಾಲುತ್ತಾರೆ, ಕಡಿಮೆಯಿದ್ದರೆ ಚಿಕಿತ್ಸೆಯ ಪರಿಣಾಮದ ಕಡೆ. ಅದೊಂದರಿಂದಲೇ ಖಚಿತವಾಗಲ್ಲ, ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಬೇಕಾಗಬಹುದು. ಸ್ಟೀರಾಯ್ಡ್ ಡೋಸ್ ಬದಲಾಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ, ಡೋಸ್ ಜಾಸ್ತಿಯಾದರೆ ಊತವೂ ಬೆಳ್ಳಗಿನ ಭಾಗವೂ ಕಡಿಮೆ ಕಾಣಬಹುದು. ಆದರೆ ನೀವಾಗೇ ಮಾತ್ರೆ ಹೆಚ್ಚುಕಮ್ಮಿ ಮಾಡಬೇಡಿ.

ತಲೆನೋವು ಏರುತ್ತಾ ಹೋದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ, ಮಂಪರು ಹೆಚ್ಚಾದರೆ ಮುಂದಿನ ಸ್ಕ್ಯಾನ್ ತಾರೀಖಿಗೆ ಕಾಯದೆ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಸಿಡಿಗಳನ್ನೂ ತಗೊಂಡೇ ಹೋಗಿ.