ಕಪಾಟಿನಲ್ಲಿ ಕೂತ ಪುಸ್ತಕ ಓದಿ ಮುಗಿಸೋದು ಹೇಗೆ?

ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಅಂತ ಪುಸ್ತಕ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ ಇಟ್ಟ ಮೇಲೆ ವಿಸರ್ಜನೆ ಆಗುವವರೆಗೆ ಅವನ್ನು ಮುಟ್ಟಬಾರದು, ಓದಬಾರದು. ಚಿಕ್ಕವರಿದ್ದಾಗ ನಮಗೆ ಇದಕ್ಕಿಂತ ಇಷ್ಟದ ಪೂಜೆ ಇನ್ನೊಂದಿರಲಿಲ್ಲ, ಹೋಂವರ್ಕ್‌ಗೆ ದೇವಿಯೇ ಕೊಟ್ಟ ರಜೆ ಅದು. ಈಗ ನೋಡಿದರೆ ನಮ್ಮ ಮನೆ ಕಪಾಟಿನಲ್ಲಿ ವರ್ಷಪೂರ್ತಿ ಸರಸ್ವತಿ ಪೂಜೆಯೇ ನಡೆಯುತ್ತಿದೆ. ಯಾರೂ ಮುಟ್ಟುವುದಿಲ್ಲ, ಯಾರೂ ಓದುವುದಿಲ್ಲ.

ಕಳೆದ ದಸರಾದಲ್ಲಿ ಪೂಜೆಗೆ ಅಂತ ನಾಲ್ಕು ಪುಸ್ತಕ ಎಳೆಯಲು ಹೋದವನು ಸುಮ್ನೆ ಎಣಿಸಿದೆ. ಓದದೇ ಇಟ್ಟಿದ್ದು 83. ಮನೆಯವಳು ನಗಲಿಲ್ಲ, ಬೈಯಲೂ ಇಲ್ಲ, "ಧೂಳು ಒರೆಸೋದು ನಾನು, ಅದನ್ನೂ ಲೆಕ್ಕ ಹಾಕಿ" ಅಂದಳು ಅಷ್ಟೇ. ಅಲ್ಲಿಂದ ಶುರುವಾಯಿತು. ನನಗೆ ಕೆಲಸಕ್ಕೆ ಬಂದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ 30 ಇರಬಹುದು, 300 ಇರಬಹುದು, ಮಾಡುವ ಕೆಲಸ ಒಂದೇ.

ಮೊದಲು ಎಲ್ಲವನ್ನೂ ನೆಲಕ್ಕಿಳಿಸಿ

ಕಪಾಟಿನ ಮುಂದೆ ನಿಂತು ಆರಿಸಲು ಹೋಗಬೇಡಿ. ಎಂಟು ವರ್ಷದಿಂದ ಒಂದೇ ಜಾಗದಲ್ಲಿರೋ ಪುಸ್ತಕ ಕಣ್ಣಿಗೆ ಬೀಳುವುದೇ ಇಲ್ಲ, ಅದು ಗೋಡೆಯ ಹಾಗೆ ಆಗಿಹೋಗಿರುತ್ತದೆ. ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಹಳೇ ಬೆಡ್‌ಶೀಟ್ ಹಾಸಿ, ಎಲ್ಲವನ್ನೂ ಇಳಿಸಿ. ಹಿಂದಿನ ಸಾಲಿನವೂ ಸೇರಿ. ನಮ್ಮಲ್ಲಿ ಮುಂದಿನ ಸಾಲಿಗಿಂತ ಹಿಂದಿನ ಸಾಲೇ ದೊಡ್ಡದಿತ್ತು.

ಇಳಿಸಿದ ಮೇಲೆ ಕಪಾಟಿನ ಹಿಂಭಾಗಕ್ಕೆ ಮೊಬೈಲ್ ಟಾರ್ಚ್ ಬಿಡಿ. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಅದು ಗೆದ್ದಲು, ಓದುವ ಯೋಜನೆ ಪಕ್ಕಕ್ಕಿಟ್ಟು ಅದರ ವ್ಯವಸ್ಥೆ ಮೊದಲು ನೋಡಿ. ಒಣ ಬಟ್ಟೆಯಲ್ಲೇ ಒರೆಸಿ, ಒದ್ದೆ ಬಟ್ಟೆ ಬೇಡ. ನಮ್ಮಮ್ಮ ಒಣಗಿದ ಬೇವಿನೆಲೆ ಇಡುತ್ತಿದ್ದರು, ನಾನು ನುಸಿಗುಳಿಗೆ ಇಡುತ್ತೇನೆ, ಪುಸ್ತಕಕ್ಕೆ ಬೇವಿನ ವಾಸನೆಯೇ ವಾಸಿ ಅಂತ ಈಗಲೂ ಅನಿಸುತ್ತದೆ.

ಹೀಗೆ ಇಳಿಸುವಾಗ ಒಂದು ದಪ್ಪ ಕಾದಂಬರಿಯ ಒಳಗಿಂದ ಬಿಲ್ಲು ಇಣುಕಿತು. 34ನೇ ಪುಟದಲ್ಲಿ ಗುರುತಿಗೆ ಇಟ್ಟಿದ್ದು. ಅಂಗಡಿಯ ಮಿಷನ್ ಬಿಲ್ಲು ಇದೆಯಲ್ಲ, ಶಾಖದಲ್ಲಿ ಮುದ್ರಿಸುವ ನುಣುಪು ಕಾಗದ, ಅದರ ಅಕ್ಷರ ಪೂರ್ತಿ ಮಾಸಿ ಬರೀ ಹಳದಿ ಚೀಟಿ ಉಳಿದಿತ್ತು. ಯಾವ ಅಂಗಡಿ, ಯಾವ ವರ್ಷ, ಎಷ್ಟು ರೂಪಾಯಿ, ಒಂದೂ ಗೊತ್ತಾಗಲಿಲ್ಲ. ಓದನ್ನು ಎಲ್ಲಿ ಬಿಟ್ಟೆ ಅನ್ನೋದು ಮಾತ್ರ ಸ್ಪಷ್ಟವಾಗಿತ್ತು. ಇದರ ವಿಷಯ ಆಮೇಲೆ ಹೇಳುತ್ತೇನೆ.

ಒಂದು ಎಚ್ಚರಿಕೆ: ಆ ದಿನ ಏನನ್ನೂ ಓದಬೇಡಿ. ಒಂದು ಪುಟ ಅಂತ ಕೂತರೆ ಸಂಜೆ ಆರಕ್ಕೂ ಹಾಲ್ ಹಾಗೇ ಬಿದ್ದಿರುತ್ತದೆ, ಆಮೇಲೆ ಸಿಟ್ಟಿನಲ್ಲಿ ಎಲ್ಲವನ್ನೂ ಹೇಗೋ ಒಳಗೆ ತುರುಕುತ್ತೀರಿ. ಬರೀ ಪಟ್ಟಿ ಮಾಡಿ. ಹೆಸರು, ಪುಟಗಳ ಸಂಖ್ಯೆ, ಎಲ್ಲಿಂದ ಬಂತು. ಮೂರನೇದನ್ನು ಬಿಡಲೇಬೇಡಿ.

ಎಲ್ಲಿಂದ ಬಂತು?

ನನ್ನ ಪಟ್ಟಿಯಲ್ಲಿ 31 ಪುಸ್ತಕ ಸಾಹಿತ್ಯ ಸಮ್ಮೇಳನದ ಮಳಿಗೆ ಮತ್ತು ನವೆಂಬರ್ ರಿಯಾಯಿತಿಯಿಂದ ಬಂದವು. ರಾಜ್ಯೋತ್ಸವ ಬಂತು ಅಂದರೆ ಕನ್ನಡ ಪುಸ್ತಕ ಪ್ರಾಧಿಕಾರ ಶೇ 50 ರಿಯಾಯಿತಿ ಕೊಡುತ್ತದೆ, ಉಳಿದ ಪ್ರಕಾಶಕರೂ ಕೈಲಾದಷ್ಟು ಇಳಿಸುತ್ತಾರೆ. ಅರ್ಧ ಬೆಲೆ ಅಂದಾಗ ಎರಡು ಪಟ್ಟು ಕೊಳ್ಳೋದು ಮನುಷ್ಯನ ಸ್ವಭಾವ, ಅಲ್ವಾ? 19 ಪುಸ್ತಕ ಸಭೆ ಸಮಾರಂಭಗಳಲ್ಲಿ ಸಿಕ್ಕವು. 2021ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಅಂದಿದ್ದರು. ಒಳ್ಳೆಯ ಮಾತೇ. ಆದರೆ ಹಾರ ಮಾರನೇ ದಿನ ಬಾಡುತ್ತದೆ, ಪುಸ್ತಕ ಬಾಡುವುದಿಲ್ಲ, ಕಪಾಟಿನಲ್ಲಿ ಕೂತು ನಮ್ಮನ್ನೇ ನೋಡುತ್ತಿರುತ್ತದೆ.

15 ನಾನೇ ಬೇಕು ಅಂತ ಹುಡುಕಿ ಕೊಂಡವು. ಉಳಿದ 18 ನೋಡಿ: 9 ಹಳೇ ಕಂಪ್ಯೂಟರ್ ಗೈಡ್ ಮತ್ತು ಪರೀಕ್ಷೆ ಗೈಡ್, 3 ಈಗಾಗಲೇ ಇದ್ದದ್ದು ಮರೆತು ಎರಡನೇ ಸಲ ಕೊಂಡವು, 6 ಬೇರೆಯವರವು. ಇವು ಮೊದಲು ಹೋಗಬೇಕು. ಬೇರೆಯವರದ್ದನ್ನು ಆ ವಾರವೇ ವಾಪಸ್ ಕೊಡಿ, ಓದಿ ಕೊಡುತ್ತೇನೆ ಅಂತ ಇಟ್ಟುಕೊಳ್ಳಬೇಡಿ, ಇಷ್ಟು ವರ್ಷ ಓದಲಿಲ್ಲವಲ್ಲ. ಒಬ್ಬ ಗೆಳೆಯನಿಗೆ ಫೋನ್ ಮಾಡಿದೆ. "ಅದು ನಿನ್ನ ಹತ್ರ ಇತ್ತಾ ಮಾರಾಯ, ನಾನು ಆಗಲೇ ಇನ್ನೊಂದು ತಗೊಂಡೆ" ಅಂದ. ಅವನ ಕಪಾಟಿನಲ್ಲೂ ಅದು ಓದದೇ ಇದೆಯಂತೆ.

ಈಗ ಲೆಕ್ಕ

83ರಲ್ಲಿ 18 ಹೋಗಿ 65 ಉಳಿದವು. ಮೊಬೈಲ್‌ನಲ್ಲಿ ಹತ್ತು ನಿಮಿಷಕ್ಕೆ ಅಲಾರಾಂ ಇಟ್ಟು ಮಾಮೂಲಿ ವೇಗದಲ್ಲಿ ಓದಿ, ಎಷ್ಟು ಪುಟ ಆಯಿತು ನೋಡಿ. ನನಗೆ ಮಾಮೂಲಿ ಗಾತ್ರದ (ಮುದ್ರಕರ ಭಾಷೆಯಲ್ಲಿ 1/8 ಡೆಮಿ) ಕಾದಂಬರಿಯಲ್ಲಿ ಆರು ಪುಟ ಆಯಿತು. ದಿನಕ್ಕೆ 20 ಪುಟ ಅಂತ ಇಟ್ಟುಕೊಂಡರೆ ಸುಮಾರು 35 ನಿಮಿಷ. ಒಂದು ಪುಸ್ತಕಕ್ಕೆ ಸರಾಸರಿ 220 ಪುಟ ಅಂತ ಹಿಡಿದರೆ 65 ಪುಸ್ತಕಕ್ಕೆ 14,300 ಪುಟ. 715 ದಿನ. ಎರಡು ವರ್ಷಕ್ಕೆ ಹದಿನೈದು ದಿನ ಕಮ್ಮಿ, ಅದೂ ನಡುವೆ ಒಂದೂ ಹೊಸದು ಕೊಳ್ಳದಿದ್ದರೆ.

ಈ ಲೆಕ್ಕ ಕಾಗದದ ಮೇಲೆ ಬಂದಾಗ ನನಗೆ ಹೆದರಿಕೆಗಿಂತ ಸಮಾಧಾನವೇ ಜಾಸ್ತಿ ಆಯಿತು. ಜನ್ಮದಲ್ಲಿ ಮುಗಿಯದ ರಾಶಿ ಅಂದುಕೊಂಡಿದ್ದು ಎರಡು ವರ್ಷದ ಕೆಲಸ ಅಷ್ಟೇ.

ಒಂದಗುಳು ಹಿಸುಕಿ ನೋಡಿ

ಅನ್ನ ಬೆಂದಿದೆಯಾ ಅಂತ ನೋಡೋಕೆ ಇಡೀ ಪಾತ್ರೆ ಯಾರೂ ಉಣ್ಣುವುದಿಲ್ಲ. 65ಕ್ಕೂ ಹತ್ತು ಹತ್ತು ಪುಟದ ಪರೀಕ್ಷೆ ಇಟ್ಟೆ. ರಾತ್ರಿಗೆ ನಾಲ್ಕು ಪುಸ್ತಕ, ಒಂದು ಗಂಟೆಗೆ ಸ್ವಲ್ಪ ಜಾಸ್ತಿ ಹೊತ್ತು, ಹದಿನೇಳು ರಾತ್ರಿ. ಟೀವಿ ನೋಡೋ ಹೊತ್ತು ಅದಕ್ಕೆ ಹೋಯಿತು, ಬೇರೇನೂ ತೊಂದರೆ ಆಗಲಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಪುಸ್ತಕಗಳಲ್ಲಿ ಪುಸ್ತಕ ಶುರುವಾಗೋದೇ ತಡ. ಪ್ರಕಾಶಕರ ಮಾತು, ಲೇಖಕರ ಅರಿಕೆ, ಎರಡನೇ ಮುದ್ರಣಕ್ಕೆ ಎರಡು ಮಾತು, ದೊಡ್ಡವರೊಬ್ಬರ ಹದಿನೆಂಟು ಪುಟದ ಮುನ್ನುಡಿ. ಹತ್ತು ಪುಟದ ಲೆಕ್ಕವನ್ನು ಇವೆಲ್ಲ ದಾಟಿದ ಮೇಲೆ ಶುರು ಮಾಡಿ. ಎಷ್ಟೋ ಪುಸ್ತಕವನ್ನು ನಾನು ಮುನ್ನುಡಿಯಲ್ಲೇ ಕೈಬಿಟ್ಟಿದ್ದೆ ಅಂತ ಈಗ ಗೊತ್ತಾಯಿತು, ಅದರಲ್ಲಿ ಪುಸ್ತಕದ ತಪ್ಪು ಏನೂ ಇರಲಿಲ್ಲ. ಮುನ್ನುಡಿಯನ್ನು ಕೊನೆಗೆ ಓದಿ, ಕಥೆಯ ಅಂತ್ಯವನ್ನು ಅವರು ಹೇಳಿಬಿಡುವ ಭಯವೂ ಇರುವುದಿಲ್ಲ.

ಹತ್ತು ಪುಟ ಆದ ಮೇಲೆ ಹನ್ನೊಂದನೇ ಪುಟ ತಿರುಗಿಸಬೇಕು ಅನಿಸಿತಾ? ಹಾಗಾದರೆ ಇಟ್ಟುಕೊಳ್ಳಿ. ಅನಿಸದಿದ್ದರೆ ಪಕ್ಕಕ್ಕಿಡಿ. ಪ್ರಶಸ್ತಿ ಬಂದಿದೆ, ಎಲ್ಲರೂ ಓದಿದ್ದಾರೆ, ಓದದಿದ್ದರೆ ಮರ್ಯಾದೆ ಅಲ್ಲ ಅನ್ನೋ ಕಾರಣಕ್ಕೆ ಉಳಿಸಿದ ಪುಸ್ತಕ ಮುಂದಿನ ದಸರಾದಲ್ಲೂ ಅಲ್ಲೇ ಇರುತ್ತದೆ. ನನ್ನಲ್ಲಿ 24 ಹೊರಬಿದ್ದವು, 41 ಉಳಿದವು. 41 ಅಂದರೆ 9,020 ಪುಟ, 451 ದಿನ.

ಉಳಿದದ್ದನ್ನೂ ಓದುತ್ತಾ ಹೋದಾಗ ಕೆಲವು ನಡುವೆ ಕೈಕೊಡುತ್ತವೆ. ಅದಕ್ಕೆ ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿದ ನಿಯಮ ಚೆನ್ನಾಗಿದೆ: ಒಂದು ಪುಸ್ತಕಕ್ಕೆ 50 ಪುಟ ಅವಕಾಶ ಕೊಡಿ, ಹಿಡಿಸದಿದ್ದರೆ ಬಿಡಿ. ವಯಸ್ಸು 50 ದಾಟಿದ್ದರೆ ನೂರರಲ್ಲಿ ವಯಸ್ಸು ಕಳೆದು ಉಳಿದಷ್ಟು ಪುಟ ಸಾಕು. ನನಗೆ 54, ಅಂದರೆ 46 ಪುಟ. ವಯಸ್ಸಾದ್ದಕ್ಕೆ ಸಿಕ್ಕ ಒಂದೇ ಒಂದು ರಿಯಾಯಿತಿ.

ಬಿಟ್ಟದ್ದನ್ನು ಏನು ಮಾಡೋದು

ಬಾಕ್ಸಿಗೆ ತುಂಬಿ ಅಟ್ಟಕ್ಕೆ ಹಾಕಿದರೆ ಜಾಗ ಬದಲಾಯಿಸಿದಂತೆ ಅಷ್ಟೇ. ಊರಿನ ಗ್ರಾಮ ಪಂಚಾಯಿತಿ ಲೈಬ್ರರಿಗೆ, ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ, ಒಂದು ಫೋನ್ ಮಾಡಿ ಏನು ಬೇಕು ಅಂತ ಕೇಳಿ. 2020ರಲ್ಲಿ ಓದುವ ಬೆಳಕು ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿಗೆ ಮಕ್ಕಳು ಬರೋದು ಹೆಚ್ಚಾಗಿದೆ, ಹಾಗಾಗಿ ಮಕ್ಕಳ ಪುಸ್ತಕ ಸಂತೋಷದಿಂದ ತಗೊಳ್ಳುತ್ತಾರೆ. ಇಪ್ಪತ್ತು ವರ್ಷ ಹಳೇ ಕಂಪ್ಯೂಟರ್ ಗೈಡ್ ದಾನ ಮಾಡಬೇಡಿ, ರದ್ದಿಗೆ ಹಾಕಿ. ಬೆಂಗಳೂರಿನವರಿಗೆ ಹಳೇ ಪುಸ್ತಕದ ಅಂಗಡಿಗಳ ಅವೆನ್ಯೂ ರಸ್ತೆ ಇದ್ದೇ ಇದೆ.

ಲೇಖಕರೇ ಸಹಿ ಹಾಕಿ ಕೊಟ್ಟದ್ದು ಮಾತ್ರ ಕಷ್ಟ. "ಆತ್ಮೀಯ ಗೆಳೆಯನಿಗೆ, ಪ್ರೀತಿಯಿಂದ" ಅಂತ ಬರೆದಿದ್ದ ಪುಸ್ತಕವೊಂದು ಅವೆನ್ಯೂ ರಸ್ತೆಯ ಫುಟ್‌ಪಾತ್‌ನಲ್ಲಿ ನನಗೇ ಸಿಕ್ಕಿದೆ. ಆ ಲೇಖಕರಿಗೇ ಸಿಕ್ಕಿದ್ದರೆ? ನಾನು ಸಹಿ ಇದ್ದವನ್ನು ಇಟ್ಟುಕೊಂಡಿದ್ದೇನೆ, ಹೇಡಿ ಅಂತ ಬೇಕಾದರೆ ಅನ್ನಿ. "ನನ್ನ ಪುಸ್ತಕ ಓದಿದ್ರಾ?" ಅಂತ ಅವರು ಎದುರಿಗೆ ಸಿಕ್ಕಾಗ ಕೇಳೋ ದಿನ ಬಂದೇ ಬರುತ್ತದೆ, ಅದಕ್ಕೂ ಹತ್ತು ಪುಟ ಓದಿರೋದು ಒಳ್ಳೆಯದು.

ಕಪಾಟಿನಲ್ಲಿಟ್ಟು ಓದಬೇಡಿ

ಉಳಿದ 41ನ್ನು ವಾಪಸ್ ಇಟ್ಟೆ, ಐದನ್ನು ಬಿಟ್ಟು. ಆ ಐದು ಹೊರಗೇ ಇರುತ್ತವೆ, ಕೂರುವ ಜಾಗದಲ್ಲಿ, ಕೈಗೆ ಸಿಗೋ ಹಾಗೆ. ಒಂದು ಮುಗಿದರೆ ಇನ್ನೊಂದು ಹೊರಗೆ ಬರುತ್ತದೆ. ಮೊದಲಿಗೆ ತೆಳುವಾದವೇ ಬರಲಿ. ನಾನು ಮೊದಲ ತಿಂಗಳಲ್ಲಿ ನೂರು ನೂರಿಪ್ಪತ್ತು ಪುಟದ ನಾಲ್ಕು ಪುಸ್ತಕ ಮುಗಿಸಿದೆ, ಪಟ್ಟಿಯಲ್ಲಿ ನಾಲ್ಕು ಗೆರೆ ಎಳೆದಾಗ ಆದ ಖುಷಿ ಐದನೇದನ್ನು ಓದಿಸಿತು.

ಬೆಂಗಳೂರಿನ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೊ ನೇರಳೆ ಮಾರ್ಗದಲ್ಲಿ ಒಂದು ಗಂಟೆಗಿಂತ ಜಾಸ್ತಿ ಬೇಕು. 20 ಪುಟ ಅಲ್ಲೇ ಆಗುತ್ತದೆ. ಆದರೆ ಬೆಳಿಗ್ಗೆ ಸೀಟು ಸಿಗುವುದಿಲ್ಲ, ಒಂದು ಕೈ ಮೇಲಿನ ಹಿಡಿಕೆಗೆ ಹೋದರೆ ಇನ್ನೊಂದು ಕೈಯಲ್ಲೇ ಪುಸ್ತಕ ಹಿಡಿದು, ಹೆಬ್ಬೆರಳಲ್ಲಿ ಪುಟ ತಳ್ಳಬೇಕು. ಇದಕ್ಕೆ 150 ಪುಟದೊಳಗಿನ ರಟ್ಟಿಲ್ಲದ ಪುಸ್ತಕವೇ ಸರಿ. ಹಾಗಾಗಿ ಎರಡು ಪುಸ್ತಕ ಒಟ್ಟಿಗೆ ನಡೆಯಲಿ, ಬ್ಯಾಗಿಗೆ ತೆಳ್ಳಗಿನದು, ಹಾಸಿಗೆ ಪಕ್ಕಕ್ಕೆ ದಪ್ಪದ್ದು. ಮೂರು ಬೇಡ, ಮೂರಾದರೆ ಯಾವುದೂ ಮುಗಿಯುವುದಿಲ್ಲ. ಅಡುಗೆ ಮಾಡುವಾಗ ಕೇಳೋದಾದರೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡ ಆಡಿಯೊ ಪುಸ್ತಕಗಳಿವೆ. ನಿಮ್ಮ ಪಟ್ಟಿಯದ್ದು ಅಲ್ಲಿದ್ದರೆ ಕೇಳಿ, ಗೆರೆ ಎಳೆಯಿರಿ, ಅದು ಮೋಸ ಅಲ್ಲ.

ಕವನ ಸಂಕಲನ, ವಚನ, ಮುಕ್ತಕ ಇಂಥವನ್ನು ಈ 20 ಪುಟದ ಲೆಕ್ಕಕ್ಕೆ ಸೇರಿಸಲೇಬೇಡಿ. ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ. ದಿನಕ್ಕೊಂದರಂತೆ ಓದಿದರೆ ಎರಡು ವರ್ಷ ಏಳು ತಿಂಗಳು. ಅದನ್ನು ದಿನಪತ್ರಿಕೆ ಪಕ್ಕದಲ್ಲಿಡಿ, ಕಾಫಿ ಆರುವಷ್ಟರಲ್ಲಿ ಒಂದು ಆಗುತ್ತದೆ. ಇಪ್ಪತ್ತು ಒಟ್ಟಿಗೆ ಓದಿದರೆ ಇಪ್ಪತ್ತೂ ಮರೆತುಹೋಗುತ್ತವೆ.

ಹೊಸದು ಕೊಳ್ಳೋದು ನಿಲ್ಲಿಸಬೇಕಾ?

ನಿಲ್ಲಿಸುತ್ತೇನೆ ಅಂತ ಶಪಥ ಮಾಡಿ ಹದಿನೆಂಟು ದಿನ ಇದ್ದೆ. ಈಗ ಎರಡು ಮುಗಿಸಿದರೆ ಒಂದು ಕೊಳ್ಳಬಹುದು ಅಂತ ಇಟ್ಟುಕೊಂಡಿದ್ದೇನೆ. ಅಂಗಡಿಗೆ ಹೋಗುವಾಗ ಪಟ್ಟಿಯ ಫೋಟೊ ಮೊಬೈಲ್‌ನಲ್ಲಿರಲಿ, ಮನೆಯಲ್ಲಿರೋದನ್ನೇ ಮತ್ತೆ ಕೊಳ್ಳೋದು ತಪ್ಪುತ್ತದೆ.

ಕೊನೆಗೆ, ಆ ಇಟ್ಟಿಗೆಯಂಥ ಕಾದಂಬರಿ

ಎಲ್ಲರ ಮನೆಯಲ್ಲೂ ಒಂದಿರುತ್ತದೆ. ನನ್ನದು ಕುವೆಂಪು ಅವರ ಮಲೆಗಳಲ್ಲಿ ಮದುಮಗಳು, 1967ರದ್ದು. ಮಾಸಿದ ಬಿಲ್ಲು ಸಿಕ್ಕಿದ್ದು ಇದರಲ್ಲೇ. ಶಿವಮೊಗ್ಗ ಕಡೆಯವನಾಗಿ ಇದನ್ನು ಓದಿಲ್ಲ ಅಂತ ಬಾಯಿಬಿಡಲು ಇಷ್ಟು ವರ್ಷ ಬೇಕಾಯಿತು. ಎರಡು ಸಲ ಶುರು ಮಾಡಿದ್ದೆ, ಎರಡು ಸಲವೂ ಯಾರು ಯಾವ ಮನೆಯವರು ಅಂತ ಗೊಂದಲವಾಗಿ ಬಿಟ್ಟಿದ್ದೆ.

ಈ ಸಲ ಅರ್ಧ ಹಾಳೆ ತಗೊಂಡು ಮೊದಲು ಮನೆಗಳ ಹೆಸರು ಬರೆದೆ: ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ. ಹೊಸಬರು ಬಂದಾಗೆಲ್ಲ ಅವರವರ ಮನೆಯ ಕೆಳಗೆ ಹೆಸರು. ಗುತ್ತಿಯ ನಾಯಿ ಹುಲಿಯನಿಗೂ ಒಂದು ಸಾಲು ಕೊಟ್ಟೆ. ಹಾಳೆಯನ್ನು ಹಿಂದಿನ ರಟ್ಟಿಗೆ ಸಿಕ್ಕಿಸಿದ್ದೇನೆ, ಗೊಂದಲವಾದರೆ ತಿರುಗಿಸಿ ನೋಡೋದು, ಅಷ್ಟೇ. ದಪ್ಪದ್ದಕ್ಕೆ ದಿನಕ್ಕೆ 20 ಪುಟದ ಹಟವೂ ಬೇಡ, ಹತ್ತು ಸಾಕು, ಆದರೆ ಒಂದು ದಿನವೂ ತಪ್ಪಿಸಬೇಡಿ. ನಾಲ್ಕು ದಿನ ಬಿಟ್ಟರೆ ಆ ಕಾಡಿನ ದಾರಿಯೇ ಮರೆತುಹೋಗುತ್ತದೆ. ಇದನ್ನು ಮೈಸೂರಿನ ರಂಗಾಯಣ 2010ರಲ್ಲಿ ಒಂಬತ್ತು ಗಂಟೆಯ ನಾಟಕ ಮಾಡಿತ್ತು, ಜನ ಚಳಿಯಲ್ಲಿ ಕಂಬಳಿ ಹೊದ್ದು ರಾತ್ರಿಯಿಡೀ ಕೂತು ನೋಡಿದ್ದರು. ನಾನು ಹತ್ತು ಪುಟಕ್ಕೆ ಆಕಳಿಸುವಾಗ ಅವರನ್ನು ನೆನೆಸಿಕೊಳ್ಳುತ್ತೇನೆ.

ಗುರುತಿಗೆ ಬೇರೆ ಚೀಟಿ ಇಡಲಿಲ್ಲ, ಅದೇ ಬಿಲ್ಲು. ನಿನ್ನೆ ರಾತ್ರಿ 212ನೇ ಪುಟದಲ್ಲಿತ್ತು.