ನಿಮ್ಮೂರಿನ ಕೆರೆಗೆ ಹಕ್ಕು ಕೇಳುವುದು ಹೇಗೆ?

ದೇವರ ಹೆಸರಿನಲ್ಲಿ ಪಹಣಿ ಬರುತ್ತದೆ. ಜಮೀನು ಒತ್ತುವರಿಯಾದರೆ ದೇವರ ಹೆಸರಿನಲ್ಲೇ ದಾವೆ ಹೂಡಬಹುದು, ಪರವಾಗಿ ಧರ್ಮದರ್ಶಿ ನಿಲ್ಲುತ್ತಾರೆ. ವಿಗ್ರಹವನ್ನು ಕಾನೂನಿನ ವ್ಯಕ್ತಿ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ 1925ರಲ್ಲೇ ಒಪ್ಪಿತ್ತು. ಗಂಗೆಯೆಂದು ನಾವು ಬಾಗಿನ ಕೊಡುವ ಕೆರೆಗೆ ಮಾತ್ರ ಆ ಸ್ಥಾನವಿಲ್ಲ. ಹೊಯ್ಸಳರು ರಾಜಧಾನಿಯನ್ನೇ ಕೆರೆಯ ಹೆಸರಿನಿಂದ ದೋರಸಮುದ್ರವೆಂದು ಕರೆದ ಹಾಸನ ಸೀಮೆಯಲ್ಲಿ ಇದು ನನ್ನನ್ನು ನೋಯಿಸುತ್ತದೆ.

ಕೆರೆಗೆ ಹಕ್ಕು ಕೊಡುವ ಪ್ರತ್ಯೇಕ ಶಾಸನ ನಮ್ಮಲ್ಲಿಲ್ಲ. ಆದರೆ 2020ರ ಮಾರ್ಚ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಸುಖನಾ ಕೆರೆಯನ್ನು ಹಕ್ಕುಗಳುಳ್ಳ ಜೀವಂತ ಘಟಕವೆಂದು ಘೋಷಿಸಿ, ಚಂಡೀಗಢದ ನಾಗರಿಕರನ್ನು ಅದರ ತಂದೆತಾಯಿಯರ ಸ್ಥಾನದಲ್ಲಿ ನಿಲ್ಲಿಸಿತು. ನಾವೂ ಕೇಳಬಹುದು.

ಮೊದಲು ಕೆರೆಯ ಜಾತಕ ಬರೆಸಿ. ಪಹಣಿ, ಗ್ರಾಮ ನಕ್ಷೆ, ಸರ್ವೆ ನಂಬರ್, ವಿಸ್ತೀರ್ಣ ಎಲ್ಲವೂ ಬೇಕು. ಸರ್ವೆ ನಂಬರನ್ನು ಮೊಬೈಲಿನ ‘ದಿಶಾಂಕ್’ ಆ್ಯಪಿನಲ್ಲಿ ನೋಡಿಕೊಳ್ಳಬಹುದು. ಕಚೇರಿಯಿಂದ ದಾಖಲೆ ಸಿಗದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನಗಳೊಳಗೆ ಉತ್ತರ ಬರಬೇಕು. ಹದ್ದುಬಸ್ತು ಅಳತೆಯನ್ನು ಕೆರೆಯಂಗಳ ಕಾಣುವ ಬೇಸಿಗೆಯಲ್ಲೇ ಮಾಡಿಸಿ.

ಮುಂದಿನದು ಹಕ್ಕುಗಳ ಪಟ್ಟಿ. ನಿಧಾನವಾಗಿ ಮಾಡಬೇಕಾದ ಕೆಲಸವಿದು. ‘ಕೆರೆಗೆ ಬದುಕುವ ಹಕ್ಕಿದೆ’ ಎಂದಷ್ಟೇ ಬರೆದರೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಊರಿನ ಹಿರಿಯರೊಂದಿಗೆ ಹಳ್ಳ ಬಂದು ಸೇರುವ ಜಾಗದಿಂದ ಏರಿ, ತೂಬು, ಕೋಡಿಯವರೆಗೆ ನಡೆಯಿರಿ. ಕಂಡದ್ದನ್ನೇ ಬರೆಯಿರಿ. ರಾಜಕಾಲುವೆಯಲ್ಲಿ ಮಳೆನೀರು ತಡೆಯಿಲ್ಲದೆ ಬಂದು ಸೇರುವ ಹಕ್ಕು. ತುಂಬಿದಾಗ ಕೋಡಿ ಬೀಳುವ ಹಕ್ಕು: ಇದನ್ನು ಬಿಡಲೇಬೇಡಿ. ಕೋಡಿಯ ಕೆಳಗೆ ಮನೆಗಳೆದ್ದರೆ, ಅವುಗಳನ್ನು ಉಳಿಸಲು ಕೋಡಿಯನ್ನೇ ಒಡೆದು ತಗ್ಗಿಸುತ್ತಾರೆ, ಕೆರೆ ಮತ್ತೆಂದೂ ತುಂಬುವುದಿಲ್ಲ. ಮೂಡಿಗೆರೆ, ಸಕಲೇಶಪುರದ ಕಡೆಯವರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನೀರು ಸೇರದಿರುವ ಹಕ್ಕನ್ನು ಸೇರಿಸಿ. ಆ ನೀರಿನಲ್ಲಿರುವ ಹಣ್ಣಿನ ಸಿಹಿಯಂಟು ಹುಳಿತು ನೀರಿನ ಪ್ರಾಣವಾಯುವನ್ನು ಹೀರಿಬಿಡುತ್ತದೆ, ಮೀನು ಸಾಯುತ್ತದೆ. ಕೊಯ್ಲು ಮುಗಿಯುವ ಹೊತ್ತಿಗೆ ಹಳ್ಳದ ಹರಿವೂ ಇಳಿದಿರುವುದರಿಂದ ಪೆಟ್ಟು ಇನ್ನೂ ಜೋರು.

ಬಳಿಕ ಪಾಲಕರನ್ನು ಆರಿಸಿ. ನ್ಯೂಜಿಲೆಂಡ್ 2017ರಲ್ಲಿ ವಾಂಗನೂಯಿ ನದಿಯನ್ನು ಕಾನೂನಿನ ವ್ಯಕ್ತಿಯಾಗಿ ಮಾಡಿದಾಗ ನದಿಯ ದನಿಯಾಗಿ ಇಬ್ಬರನ್ನು ನೇಮಿಸುವ ಏರ್ಪಾಡು ಮಾಡಿತು: ಒಬ್ಬರನ್ನು ತೀರದ ಮಾವೋರಿ ಸಮುದಾಯಗಳು ಸೂಚಿಸುತ್ತವೆ, ಇನ್ನೊಬ್ಬರನ್ನು ಸರ್ಕಾರ. ಅದೇ ವರ್ಷ ಉತ್ತರಾಖಂಡ ಹೈಕೋರ್ಟ್ ಗಂಗಾ, ಯಮುನೆಯರನ್ನು ವ್ಯಕ್ತಿಗಳೆಂದು ಸಾರಿ ಹಿರಿಯ ಅಧಿಕಾರಿಗಳನ್ನೇ ಪಾಲಕರನ್ನಾಗಿ ಮಾಡಿತು. ಪ್ರವಾಹದಲ್ಲಿ ಜನ ಸತ್ತರೆ ಪರಿಹಾರ ಯಾರು ಕೊಡಬೇಕು, ಹಲವು ರಾಜ್ಯಗಳಲ್ಲಿ ಹರಿಯುವ ನದಿಗೆ ನಾವೊಬ್ಬರೇ ಹೇಗೆ ಹೊಣೆ ಎಂದು ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಯಿತು. ಜುಲೈನಲ್ಲಿ ತಡೆಯಾಜ್ಞೆ ಬಂತು. ಆದ್ದರಿಂದಲೇ ನಾನು ಹೇಳುವುದು, ಕಾವೇರಿಗೆ ಸೇರುವ ಹೇಮಾವತಿಯಿಂದ ಶುರು ಮಾಡಬೇಡಿ. ಒಂದೇ ಪಂಚಾಯಿತಿಯೊಳಗಿನ ಕೆರೆಯನ್ನು ಹಿಡಿಯಿರಿ. ಪಾಲಕರಲ್ಲಿ ಅಚ್ಚುಕಟ್ಟಿನ ರೈತ, ಮೀನು ಹಿಡಿಯುವವರು, ದನ ನೀರಿಗಿಳಿಸುವ ಮನೆಯ ಹೆಂಗಸರು ಇರಲಿ. ತೂಬು ಎತ್ತಿ ಇಳಿಸಿ ನೀರು ಹಂಚುತ್ತಿದ್ದ ನೀರಗಂಟಿಯ ಮನೆತನ ಊರಿನಲ್ಲಿದ್ದರೆ ಮೊದಲ ಹೆಸರು ಅವರದೇ ಆಗಲಿ. ಕೆರೆಯ ಮೈ ಅವರಷ್ಟು ಬಲ್ಲವರು ಕಡಿಮೆ.

ಪಟ್ಟಿ ಮತ್ತು ಪಾಲಕರ ಹೆಸರನ್ನು ಗ್ರಾಮ ಸಭೆಯಲ್ಲಿಟ್ಟು ನಿರ್ಣಯ ಮಾಡಿಸಿ, ನಡಾವಳಿಯ ದೃಢೀಕೃತ ಪ್ರತಿ ಪಡೆಯಿರಿ. ಒತ್ತುವರಿ ತೆರವಿಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಕೊಳಚೆಯ ದೂರಾದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ, ಸಾಮಾನ್ಯವಾಗಿ 6 ತಿಂಗಳೊಳಗೆ ಹೋಗಬೇಕು.

ಕೆರೆಯನ್ನು ವ್ಯಕ್ತಿಯೆಂದು ಘೋಷಿಸಿ ಎಂಬ ಕೋರಿಕೆಯನ್ನು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲೇ ಸಲ್ಲಿಸಬೇಕು. ಕೆರೆಕುಂಟೆಗಳ ರಕ್ಷಣೆಯನ್ನು 21ನೇ ವಿಧಿಯ ಬದುಕುವ ಹಕ್ಕಿಗೆ ಜೋಡಿಸಿದ ಸುಪ್ರೀಂ ಕೋರ್ಟಿನ 2001ರ ಹಿಂಚ್ ಲಾಲ್ ತಿವಾರಿ ತೀರ್ಪನ್ನು ವಕೀಲರ ಮುಂದಿಡಿ. ಅರ್ಜಿದಾರರ ಸಾಲಿನಲ್ಲಿ ಮೊದಲು ಕೆರೆಯ ಹೆಸರು ಮತ್ತು ಸರ್ವೆ ನಂಬರ್, ಅದರ ಕೆಳಗೆ ‘ಪರವಾಗಿ’ ಎಂದು ಪಾಲಕರ ಹೆಸರುಗಳು ಬರಲಿ. ಪಾಲಕರು ತಮ್ಮ ಸ್ವಂತ ಹೆಸರಿನಲ್ಲೂ ಅರ್ಜಿದಾರರಾಗಿರಲಿ. ಕೆರೆಯ ಹೆಸರಿಗೆ ಆಕ್ಷೇಪ ಬಂದರೂ ಅರ್ಜಿ ಉಳಿದುಕೊಳ್ಳುತ್ತದೆ.